ಹೆಂಗರುಳು ಕಲ್ಲಾದ ಬಗೆ

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿರುವ ನನ್ನ ಮಗಳು, ಹಿಟ್ಲರನ ಯಾತನಾ ಶಿಬಿರಗಳಲ್ಲಿ ಹೆಂಗಸರೂ ಕಾವಲಿಗಿದ್ದರೆಂದು ತಿಳಿದು ಬಂದು ಎರಡು ದಿನ ಅದನ್ನೇ ಮಾತಾಡಿದಳು. ‘ಹೆಣ್ಣಾದವಳು ಹಾಗೆ ಮಾಡಲಾರಳು, ಹೆದರಿಸಿ ಮಾಡಿಸಿರಬೇಕು’ ಎಂಬುದು ನನ್ನ ಅತ್ತೆಯವರ ಮಾತು. ನಿಜವೇನು? ಅವರಿಗೆ ಶಿಕ್ಷೆಯಾಯಿತೇ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ನಿಮ್ಮ ಮಗಳು ತಿಳಿದದ್ದು ನಿಜ. ಬರ್ಲಿನ್‌ನ ಉತ್ತರಕ್ಕೆ, ನಮ್ಮ ಕಾಸರಗೋಡಿನಿಂದ ಕಣ್ಣೂರಿಗೆ ಇರುವಷ್ಟು ದೂರದಲ್ಲಿ, ರಾವೆನ್ಸ್‌ಬ್ರೂಕ್ ಎಂಬಲ್ಲಿ 1939ರ ಮೇ ತಿಂಗಳಲ್ಲಿ ಹೆಂಗಸರಿಗೆಂದೇ ಒಂದು ಶಿಬಿರ ತೆರೆಯಿತು. ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಮತ್ತು ಮಕ್ಕಳನ್ನು ಅಲ್ಲಿ ಕೂಡಿಹಾಕಲಾಯಿತು. ಕಾವಲುಗಾರ್ತಿಯರ ತರಬೇತಿಯೂ ಅಲ್ಲಿಯೇ ನಡೆಯುತ್ತಿತ್ತು. ಅಲ್ಲಿ ಕೆಲಸ ಕಲಿತು ಆಷ್‌ವಿಟ್ಸ್, ಮೈದಾನೆಕ್ ಮೊದಲಾದ ಶಿಬಿರಗಳಿಗೆ ಹೋದವರೂ ಸೇರಿ ಸುಮಾರು 3,500 ಮಂದಿ ಎಂದು ಲೆಕ್ಕ. ಶಿಬಿರಗಳನ್ನು ನಡೆಸುತ್ತಿದ್ದ ನಾಜಿಗಳ ಎಸ್.ಎಸ್. ಪಡೆಯಲ್ಲಿ ಹೆಂಗಸರಿಗೆ ಸದಸ್ಯತ್ವವಿರಲಿಲ್ಲವಾದ್ದರಿಂದ ಇವರನ್ನು ಅದರ ಸಹಾಯಕ ನೌಕರರೆಂದು ನೇಮಿಸಿಕೊಳ್ಳುತ್ತಿದ್ದರು. ಆದರೆ ಎದುರಿಗೆ ನಿಂತ ಕೈದಿಯ ಪಾಲಿಗೆ ಆ ವ್ಯತ್ಯಾಸದಿಂದ ಯಾವ ಉಪಯೋಗವೂ ಇರಲಿಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಮೊದಲ ವರ್ಷಗಳಲ್ಲಿ ಬಂದವರಲ್ಲಿ ಹೆಚ್ಚಿನವರು ಪತ್ರಿಕೆಯ ಜಾಹೀರಾತು ನೋಡಿಯೋ ಪರಿಚಯದವರ ಮಾತು ಕೇಳಿಯೋ ತಾವಾಗಿ ಅರ್ಜಿ ಹಾಕಿದವರು. ಕಾರ್ಖಾನೆಯ ಕೂಲಿಗಿಂತ ಒಳ್ಳೆಯ ಸಂಬಳ, ಸಮವಸ್ತ್ರ, ಇರಲು ಅಚ್ಚುಕಟ್ಟಾದ ಮನೆ ಎಲ್ಲವೂ ದೊರೆಯುತ್ತಿದ್ದ, ಹೆಚ್ಚಿನ ಓದೇನೂ ಬೇಡದ ಸರಕಾರಿ ನೌಕರಿ ಅದು. ಅಡುಗೆಮನೆಯಲ್ಲಿ, ಹಾಲಿನ ಡೈರಿಯಲ್ಲಿ, ಗಿರಣಿಯಲ್ಲಿ ದುಡಿಯುತ್ತಿದ್ದ ಬಡಮನೆಯ ಹುಡುಗಿಯರಿಗೆ ಅದೊಂದು ಮೇಲೇರುವ ಮೆಟ್ಟಿಲಾಗಿ ಕಂಡಿತು. ಯುದ್ಧದ ಕೊನೆಯ ವರ್ಷಗಳಲ್ಲಿ ಉದ್ಯೋಗ ಕಚೇರಿಗಳೂ, ಕೈದಿಗಳನ್ನು ದುಡಿಸಿಕೊಳ್ಳುತ್ತಿದ್ದ ಕಂಪೆನಿಗಳೂ ತಮ್ಮ ಕೆಲಸಗಾರ್ತಿಯರನ್ನು ನೇರವಾಗಿ ಕಳಿಸಿಕೊಟ್ಟವು ಎಂಬುದು ದಿಟ. ಹಾಗೆ ಬಂದವರ ಮಟ್ಟಿಗೆ ಅತ್ತೆಯವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಶಿಬಿರಕ್ಕೆ ಕಳಿಸಿದ್ದು ಬೇರೆಯವರಾದರೂ, ಕೈಯೆತ್ತಿ ಹೊಡೆದದ್ದು ಅವರೇ. ಬೇಡವೆಂದು ಕೆಲಸ ಬಿಟ್ಟುಹೋದ ಕೆಲವರೂ ಇದ್ದರು.

ನನ್ನನ್ನು ಬಹಳ ಕಾಲ ಕಾಡಿದ ಒಂದು ಸಂಗತಿಯನ್ನು ಹೇಳುತ್ತೇನೆ. ಫ್ರಾನ್ಸಿನ ಮಾನವಶಾಸ್ತ್ರಜ್ಞೆ ಜರ್ಮೇನ್ ತಿಯೋಂ 1943ರಲ್ಲಿ ರಾವೆನ್ಸ್‌ಬ್ರೂಕಿಗೆ ಕೈದಿಯಾಗಿ ಬಂದವರು. ಹೊಸದಾಗಿ ಬರುವ ಕಾವಲುಗಾರ್ತಿಯರು ಎಷ್ಟು ಬೇಗ ಬದಲಾಗುತ್ತಾರೆಂಬುದನ್ನು ಅಲ್ಲಿನ ಕೈದಿಗಳು ಗಮನಿಸುತ್ತಿದ್ದರಂತೆ. ಇಪ್ಪತ್ತರ ಹರೆಯದ ಒಬ್ಬಳು ಬಂದ ಹೊಸತರಲ್ಲಿ, ಕೈದಿಯೊಬ್ಬಳ ಮುಂದಿನಿಂದ ಹಾದುಹೋಗಬೇಕಾದಾಗ ‘ಕ್ಷಮಿಸಿ’ ಎಂದಿದ್ದಳು. ಅವಳು ಶಿಬಿರದ ರೀತಿಗೆ ಒಗ್ಗಿ ಉಳಿದವರಂತಾಗಲು ನಾಲ್ಕು ದಿನ ಸಾಕಾಯಿತು. ನಮ್ಮ ಮನೆಗಳಲ್ಲಿ ಹೊಸ ಸೊಸೆಗೆ ಅಡುಗೆಮನೆಯ ಡಬ್ಬಿಗಳ ಜಾಗ ತಿಳಿಯಲು ಅದಕ್ಕಿಂತ ಹೆಚ್ಚು ದಿನ ಬೇಕು.

ಇರ್ಮಾ ಗ್ರೇಸೆಯ ಹೆಸರನ್ನು ನಿಮ್ಮ ಮಗಳು ಕೇಳಿರಬಹುದು. ನರ್ಸ್ ಆಗಬೇಕೆಂಬ ಆಸೆಯಿಂದ ಆಸ್ಪತ್ರೆಯೊಂದರಲ್ಲಿ ಸಹಾಯಕಿಯಾಗಿದ್ದ ಈಕೆ 1942ರಲ್ಲಿ, ಹದಿನೆಂಟರ ಪ್ರಾಯದಲ್ಲಿ ರಾವೆನ್ಸ್‌ಬ್ರೂಕಿಗೆ ಬಂದು, ಮುಂದೆ ಆಷ್‌ವಿಟ್ಸ್‌ನಲ್ಲಿ ಸಾವಿರಾರು ಹೆಂಗಸರ ಮೇಲಿನ ಅಧಿಕಾರ ಪಡೆದಳು. ಯುದ್ಧ ಮುಗಿದ ಮೇಲೆ ಬ್ರಿಟಿಷರು ನಡೆಸಿದ ವಿಚಾರಣೆಯಲ್ಲಿ ಅವಳ ತಂಗಿ ನುಡಿದ ಸಾಕ್ಷ್ಯ ವಿಚಿತ್ರವಾದುದು: ಶಾಲೆಯಲ್ಲಿ ಹುಡುಗಿಯರು ಜಗಳವಾಡಿದರೆ ಅಕ್ಕ ಎದುರು ನಿಲ್ಲುವ ಧೈರ್ಯವಿಲ್ಲದೆ ಓಡಿಹೋಗುತ್ತಿದ್ದಳು ಎಂದು ಆಕೆ ಹೇಳಿದಳು. ಅದೇ ಹುಡುಗಿ ಶಿಬಿರದ ಕಾರ್ಖಾನೆಯಲ್ಲಿ ಸೆಲ್ಲೋಫೇನಿನ ಚಾವಟಿಯೊಂದನ್ನು ಮಾಡಿಸಿಕೊಂಡು, ಮೇಲಿನವರು ಬೇಡವೆಂದ ಮೇಲೂ ಬಳಸಿದುದಾಗಿ ತಾನೇ ಒಪ್ಪಿಕೊಂಡಳು. ತಂಗಿಯ ಆ ಸಾಕ್ಷ್ಯವನ್ನು ನಾನು ಸುಳ್ಳೆಂದು ತಳ್ಳಿಹಾಕಲಾರೆ. ಎದುರಿಗಿರುವವರು ತಿರುಗಿ ಕೈಯೆತ್ತಲಾರರು ಎಂಬ ಭರವಸೆ ಸಿಕ್ಕಿದಾಗ ಅಂಜುಬುರುಕರೂ ಎಷ್ಟು ಕ್ರೂರಿಗಳಾಗಬಲ್ಲರು ಎಂಬುದನ್ನೇ ಅದು ತೋರಿಸುತ್ತದೆ.

ಶಿಕ್ಷೆಯ ವಿಷಯವನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಶಿಕ್ಷೆ ಆದದ್ದೇ ಕಡಿಮೆ. ಗ್ರೇಸೆ ಮತ್ತು ಇನ್ನಿಬ್ಬರು ಕಾವಲುಗಾರ್ತಿಯರನ್ನು ಬ್ರಿಟಿಷರು 1945ರ ಡಿಸೆಂಬರ್ 13ರಂದು ಗಲ್ಲಿಗೇರಿಸಿದರು. ಆಗ ಗ್ರೇಸೆಗೆ 22 ವರ್ಷ. ಆಷ್‌ವಿಟ್ಸ್‌ನ ಭಾಗವಾಗಿದ್ದ ಬಿರ್ಕೆನೌ ಮಹಿಳಾ ಶಿಬಿರದ ಮುಖ್ಯಸ್ಥೆ ಮರಿಯಾ ಮಂಡ್ಲ್‌ಳನ್ನು 1948ರ ಜನವರಿಯಲ್ಲಿ ಪೋಲೆಂಡಿನಲ್ಲಿ ನೇಣಿಗೆ ಹಾಕಲಾಯಿತು. ಕೈದಿಗಳಿಂದಲೇ ವಾದ್ಯಗೋಷ್ಠಿ ಕಟ್ಟಿಸಿ ಸಂಗೀತ ಕೇಳುತ್ತಿದ್ದವಳು ಆಕೆ. ಹೆಚ್ಚಿನವರು ಮಾತ್ರ ಮದುವೆಯಾಗಿ, ಹೆಸರು ಬದಲಾಗಿ, ನೆರೆಹೊರೆಯಲ್ಲಿ ಕರಗಿಹೋದರು. ಮೈದಾನೆಕ್‌ನ ಹೆರ್ಮಿನ್ ಬ್ರೌನ್‌ಸ್ಟೈನರ್ ಅಮೆರಿಕದವನ ಕೈಹಿಡಿದು ನ್ಯೂಯಾರ್ಕಿನಲ್ಲಿ ಗೃಹಿಣಿಯಾಗಿದ್ದಳು. 1964ರಲ್ಲಿ ಪತ್ರಕರ್ತನೊಬ್ಬ ಬಾಗಿಲು ತಟ್ಟುವವರೆಗೂ ಅಕ್ಕಪಕ್ಕದವರಿಗೆ ಅವಳ ಹಿಂದಿನ ಬದುಕಿನ ಸುಳಿವಿರಲಿಲ್ಲ. 1973ರಲ್ಲಿ ಜರ್ಮನಿಗೆ ಒಪ್ಪಿಸಲ್ಪಟ್ಟು, ವರ್ಷಗಟ್ಟಲೆ ನಡೆದ ವಿಚಾರಣೆಯ ಕೊನೆಗೆ 1981ರಲ್ಲಿ ಜೀವಾವಧಿ ಶಿಕ್ಷೆ ಹೊಂದಿದಳು.

ನಿಮ್ಮ ಮಗಳಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. ರಾವೆನ್ಸ್‌ಬ್ರೂಕಿನ ಕಾವಲುಗಾರ್ತಿಯರು ವಾಸವಾಗಿದ್ದ ಮನೆಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದರಲ್ಲಿ 2004ರಿಂದ ಅವರ ಕುರಿತ ಪ್ರದರ್ಶನವಿದೆ. ಬೇರೆ ಕೆಲವನ್ನು ಯುವಜನರ ವಸತಿಗೃಹ ಮಾಡಿದ್ದಾರೆ, ಅವಳ ಪ್ರಾಯದ ಮಕ್ಕಳು ಅಲ್ಲಿ ತಂಗಿ ಶಿಬಿರವನ್ನು ನೋಡಿ ಹೋಗುತ್ತಾರೆ.