ಕಂದು ವೈರ್ ತಂದು ಇಂಡಿಕೇಟರ್‌ಗೆ ಸುತ್ತಬೇಡಿ

ಬ್ರದರ್, ನಿಮ್ಮ ಹಳೇ ಸ್ಪ್ಲೆಂಡರ್ ಬೈಕಿನ ಫೋಟೋ ನೋಡಿದೆ. ಪಾರ್ಕ್ ಲೈಟಿನ ಕಂದು ವೈರನ್ನು ಎಡ ಇಂಡಿಕೇಟರಿನ ಕಿತ್ತಳೆ ಮತ್ತು ಬಲದ ತಿಳಿ ನೀಲಿ ವೈರ್ ಎರಡಕ್ಕೂ ಸುತ್ತಿ ಟೇಪ್ ಹಾಕಿದ್ದೀರಿ. ಲೈಟ್ ಹಾಕಿದಾಗ ಇಂಡಿಕೇಟರ್ ಸದಾ ಉರಿಯುತ್ತೆ, ಲುಕ್ ಚೆನ್ನಾಗಿದೆ, ಆದರೆ ರಾತ್ರಿ ಮಿನುಗಲ್ಲ ಅಂತ ಕೇಳಿದ್ದೀರಿ. ಇದನ್ನು ಇವತ್ತೇ ಬಿಚ್ಚಿ.

ನಾನೂ ಹೀಗೇ ಮಾಡಿದ್ದೆ. ಮುಂದಿನದಕ್ಕೆ ಮಾತ್ರ ಕೊಟ್ಟೆ ಅಂದುಕೊಂಡಿದ್ದೆ, ಮುಂದೆ ಹಿಂದೆ ಒಂದೇ ವೈರ್ ಆದ್ದರಿಂದ ಹಿಂದಿನವೂ ಹತ್ತಿಕೊಂಡವು. 10 ವಾಟಿನ ನಾಲ್ಕು ಬಲ್ಬ್, ಒಟ್ಟು 40 ವಾಟ್. ಹೆಡ್‌ಲೈಟೇ 35 ವಾಟ್, ಮಂಕಾಗದೆ ಇನ್ನೇನು! ಹಗಲಲ್ಲಿ ಲೈಟ್ ಆಫ್ ಇದ್ದಾಗ ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತಿದ್ದವು, ಜೊತೆಗೆ ಟೈಲ್ ಲ್ಯಾಂಪ್ ಬೇರೆ. ಅದಾಗಿ ಒಂದು ವಾರಕ್ಕೆ ಮುಸ್ಸಂಜೆ ಊರಿನ ಕ್ರಾಸಲ್ಲಿ ಬಲಕ್ಕೆ ಸ್ವಿಚ್ ಹಾಕಿಯೇ ತಿರುಗಿದೆ. ಹಿಂದಿನ ಲಾರಿಯವನಿಗೆ ಮಿನುಗಿದ್ದು ಕಂಡಿದ್ದರೆ ತಾನೇ? ಬಲಗಡೆಯಿಂದಲೇ ನುಗ್ಗಿದ. ಬಲಗಡೆ ಕನ್ನಡಿ ಕಿತ್ತುಹೋಯ್ತು, ಮೊಣಕೈ ಕೂದಲೆಳೆಯಲ್ಲಿ ಉಳಿಯಿತು. ತಪ್ಪು ಅವನದ್ದಲ್ಲ, ನನ್ನ ವೈರಿಂಗ್‌ದು.

ಮೇಲಿನ ಕಾಮೆಂಟಲ್ಲಿ ಒಬ್ಬರು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ) ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ. ಡಯೋಡ್ ಎಡ ಬಲ ಬೆರೆಯದ ಹಾಗೆ ತಡೆಯುತ್ತೆ ಅಷ್ಟೇ. ಬಲ್ಬಿನಲ್ಲಿರುವುದು ಒಂದೇ ಫಿಲಮೆಂಟ್, ಅದು ಆಗಲೇ ಪೂರ್ತಿ ಉರಿಯುತ್ತಿದ್ದರೆ ಮಿನುಗಿಸುವ ಫ್ಲ್ಯಾಶರ್ ಏನು ಮಾಡೀತು? ಸಾಲದ್ದಕ್ಕೆ ಅವರು ಹೇಳಿದ 1ಎನ್4007 ಡಯೋಡ್ ತಾಳಿಕೊಳ್ಳೋದು 1 ಆಂಪ್, ಒಂದು ಕಡೆಯ ಎರಡು ಬಲ್ಬ್ ಎಳೆಯೋದು ಹತ್ತಿರ ಹತ್ತಿರ 1.7.

ಒಂದೇ ಬಲ್ಬಲ್ಲಿ ಮಿನುಗಲು 21, ಸದಾ ಉರಿಯಲು 5 ವಾಟಿನ ಎರಡು ಫಿಲಮೆಂಟ್ ಇರುವ ಡಬಲ್ ಫಿಲಮೆಂಟ್ ಬಲ್ಬ್ ಹಾಕ್ತೀನಿ ಅಂತಲೂ ಹೊರಡಬೇಡಿ. ಅಮೆರಿಕಕ್ಕೆ ಹೋಗುವ ಹೋಂಡಾಗಳಲ್ಲಿ ಮುಂದಿನ ಇಂಡಿಕೇಟರ್‌ಗೆ ಕಂಪನಿಯಿಂದಲೇ ಡಬಲ್ ಫಿಲಮೆಂಟ್ ಬರುತ್ತೆ, ನಿಜ. ಆ ಹೌಸಿಂಗ್, ಅಂದರೆ ಬಲ್ಬ್ ಕೂರುವ ಹೊರಕವಚ, ಅದಕ್ಕೆಂದೇ ಮಾಡಿದ್ದು. ನಮ್ಮದು 10 ವಾಟಿನ ಶಾಖಕ್ಕೆ ಮಾಡಿದ ಪ್ಲಾಸ್ಟಿಕ್, 21 ಹಾಕಿದರೆ ಲೆನ್ಸ್ ಸೊಟ್ಟಗಾಗುತ್ತೆ.

ಸದಾ ಉರಿಯುವ ಲುಕ್ ಬೇಕೇ ಬೇಕು ಅಂದರೆ, ನಾನು ಮಾಡಿದ್ದು ಹೀಗೆ. 10 ವಾಟ್ ಬಲ್ಬ್ ಇದ್ದ ಹಾಗೇ ಇರಲಿ. ಅದರಿಂದ ಆದಷ್ಟು ದೂರದ ಮೂಲೆಯಲ್ಲಿ, ಹೌಸಿಂಗಿನ ಹಿಂಬದಿಗೆ ಸ್ವಲ್ಪ ಸ್ವಲ್ಪವೇ ತೂತು ದೊಡ್ಡದು ಮಾಡುತ್ತಾ ಟಿ10 ಅನ್ನುವ ಚಿಕ್ಕ ಬಲ್ಬಿನ ರಬ್ಬರ್ ಹೋಲ್ಡರ್ ಕೂರಿಸಿ. ಒಂದೇ ಸಲಕ್ಕೆ ದಪ್ಪ ಬಿಟ್ ಹಾಕಿದರೆ ಬಿರುಕು ಬಿಡುತ್ತೆ. ಅದಕ್ಕೆ 1 ವಾಟ್ ಒಳಗಿನ ಅಂಬರ್ ಎಲ್‌ಇಡಿ. ಜಾಸ್ತಿ ಬೆಳಕಿನದು ಬೇಡ, ಮಿನುಗುವ ಬಲ್ಬ್ ಅದರ ಮುಂದೆ ಎದ್ದು ಕಾಣಬೇಕು. ನೀಲಿ, ಕೆಂಪು ಕೇಳಲೇಬೇಡಿ. ಫಿಲಿಪ್ಸ್ ಅಥವಾ ಓಸ್ರಾಮ್ ಸಿಕ್ಕರೆ ತಗೊಳ್ಳಿ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಹೆಸರಿಲ್ಲದ ಜೋಡಿ ತಂದು ಒಂದು ಮಳೆಗಾಲವೂ ಬಾಳಲಿಲ್ಲ ನನಗೆ.

ಈಗ ಕರೆಂಟ್. ಹಳೇ ಸ್ಪ್ಲೆಂಡರಲ್ಲಿ ಕಂದು ವೈರಲ್ಲಿ ಬರೋದು ಎಂಜಿನ್ ತಿರುಗಿದಾಗ ಕರೆಂಟ್ ಮಾಡುವ ಮ್ಯಾಗ್ನೆಟೋದ ಎಸಿ. ಎಲ್‌ಇಡಿ ಅದರಲ್ಲಿ ನಡುಗುತ್ತೆ, ಐಡ್ಲಿಂಗಲ್ಲಿ ಮಂಕಾಗುತ್ತೆ. ಕೀ ಆನ್ ಮಾಡಿದಾಗ ಬ್ಯಾಟರಿ ಕರೆಂಟ್ ಬರುವ ಕಪ್ಪು ವೈರಿಂದ ತಗೊಳ್ಳಿ, 2 ಆಂಪ್ ಫ್ಯೂಸ್, ಒಂದು ಚಿಕ್ಕ ಸ್ವಿಚ್. ಬ್ಯಾಟರಿ ಬರೀ 2.5 ಎಎಚ್‌ನ ಚಿಕ್ಕದು, ಎಂಜಿನ್ ಆಫ್ ಮಾಡಿ ಕೀ ಆನಲ್ಲೇ ಬಿಟ್ಟು ಹರಟೆಗೆ ನಿಲ್ಲಬೇಡಿ. ಹಸಿರು ಅರ್ಥ್ ವೈರ್ ಗಟ್ಟಿಯಾಗಿ ಬೆಸುಗೆ ಹಾಕಿ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಅರ್ಥ್ ಸಡಿಲವಾದ ದಿನ ಕರೆಂಟ್ ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತೆ.

ಮುಂದೆ ನಾಲ್ಕೂ ಇಂಡಿಕೇಟರ್ ಎಲ್‌ಇಡಿ ಮಾಡುವ ಆಸೆ ಬಂದರೆ ಎಲ್‌ಇಡಿ ಫ್ಲ್ಯಾಶರ್ ಹಾಕಿ, ನನಗೆ ಮಿಂಡಾ ಇಷ್ಟ. ಹಳೇ ಫ್ಲ್ಯಾಶರನ್ನೇ ಇಟ್ಟುಕೊಂಡು ಲೋಡಿಗೆ ಅಂತ ರೆಸಿಸ್ಟರ್ ಹಚ್ಚಬೇಡಿ. 10 ಓಮ್‌ದು ಹತ್ತಿದಾಗಲೆಲ್ಲ ಸುಮಾರು 19 ವಾಟ್ ಶಾಖ ಬಿಡುತ್ತೆ, ಸ್ನೇಹಿತನ ಗಾಡಿಯ ಹಿಂದಿನ ಪ್ಲಾಸ್ಟಿಕ್ ಕೌಲ್ ಅದಕ್ಕೇ ಕರಗಿದ್ದು. ಮೀಟರಲ್ಲಿ ಎಡ ಬಲಕ್ಕೆ ಒಂದೇ ಪೈಲಟ್ ಬಲ್ಬ್ (ಇಂಡಿಕೇಟರ್ ಹಾಕಿದ್ದು ತೋರಿಸುವ ದೀಪ) ಇದ್ದರೆ ಅಲ್ಲಿ ಮಾತ್ರ ಎರಡು ಡಯೋಡ್ ಬೇಕು, ಇಲ್ಲದಿದ್ದರೆ ನಾಲ್ಕೂ ಒಟ್ಟಿಗೆ ಮಿನುಗುತ್ತವೆ. ಅಲ್ಲಿಗೆ 1ಎನ್4007 ಸಾಕು.

ತೂತಿನ ಸುತ್ತ ಸಿಲಿಕಾನ್ ಹಚ್ಚಿ, ಆದರೆ ಹೌಸಿಂಗ್ ಕೆಳಗೆ ನೀರು ಹೋಗುವ ತೂತು ಮುಚ್ಚಬೇಡಿ. ಹೆಡ್‌ಲೈಟ್ ಡೂಮ್ ಮುಚ್ಚುವ ಮೊದಲು ಎಲ್ಲಾ ಹತ್ತಿಸಿಟ್ಟು ಹ್ಯಾಂಡಲ್ ಎರಡೂ ಕಡೆ ಕೊನೇತನಕ ತಿರುಗಿಸಿ ನೋಡಿ. ಎಲ್ಲಾದರೂ ಒಂದು ದೀಪ ಕಣ್ಣು ಮುಚ್ಚಿ ತೆಗೆದರೆ ಸ್ಟೀರಿಂಗ್ ಕತ್ತಿನ ಹತ್ತಿರ ವೈರ್ ಬಿಗಿಯಾಗಿದೆ ಅಂತ ಅರ್ಥ, ಎರಡು ಇಂಚು ಸಡಿಲ ಕೊಡಿ.