ನೆರೆ ಇಳಿದ ಮೇಲೆ ಊರಿಗೆ ಯಾರು ಹೋಗಬೇಕು?

ನೆರೆ, ಗುಡ್ಡ ಕುಸಿತ, ಪುನರ್ವಸತಿ, ಪರಿಸರ. ಇವುಗಳ ವರದಿಗಾರಿಕೆ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ವಾರ ಉತ್ತರಿಸಿದವರು, ಬಹಳ ವರ್ಷಗಳಿಂದ ಇದೇ ವಿಷಯದ ಮೇಲೆ ಊರೂರು ಸುತ್ತಿ ಬರೆಯುತ್ತಿರುವ ಪತ್ರಕರ್ತೆ.

ಪ್ರಶ್ನೆ: ನಾನು ಉತ್ತರ ಕನ್ನಡದಲ್ಲಿ ಅರೆಕಾಲಿಕ ವರದಿಗಾರ. ಶಿರೂರಿನಲ್ಲಿ ಗುಡ್ಡ ಕುಸಿದಾಗ ನನ್ನ ಸುದ್ದಿ ದಿನಾ ಮುಖಪುಟದಲ್ಲಿ ಬರುತ್ತಿತ್ತು. ಈಗ ಅಲ್ಲಿನ ಜನರ ಬಗ್ಗೆ ಬರೆದು ಕಳಿಸಿದರೆ ‘ಹಳೇ ಸುದ್ದಿ’ ಅಂತ ಪಕ್ಕಕ್ಕೆ ಇಡುತ್ತಾರೆ. ಏನು ಮಾಡಲಿ ಮೇಡಂ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗ ನಾಡಿನ ಎಲ್ಲರ ಕಣ್ಣೂ ಗಂಗಾವಳಿ ಹೊಳೆಯ ಮೇಲಿತ್ತು. ಮಣ್ಣಿನ ಜೊತೆ ಹೊಳೆಗೆ ಬಿದ್ದ ಲಾರಿಯೊಂದನ್ನು, ಅದರ ಚಾಲಕನನ್ನು ಎರಡು ತಿಂಗಳಿಗೂ ಜಾಸ್ತಿ ಕಾಲ ಹುಡುಕಿದರು. ಸೆಪ್ಟೆಂಬರ್ ಕೊನೆಗೆ ಲಾರಿಯೂ ಚಾಲಕನ ದೇಹವೂ ಸಿಕ್ಕವು. ಕ್ಯಾಮೆರಾಗಳು ವಾಪಸ್ ಹೋದವು. ಆ ಹುಡುಕಾಟ ನಡೆಯಲೇಬೇಕಿತ್ತು. ಆದರೆ ಹೊಳೆಯ ಆಚೆ ದಡದಲ್ಲಿ ಉಳುವರೆ ಎಂಬ ಊರೂ ಇದೆ. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಅಲ್ಲಿನ ಮನೆಗಳಿಗೆ ನುಗ್ಗಿತ್ತು. ಉಳುವರೆಯ ಹೆಸರು ಎಷ್ಟು ಜನರಿಗೆ ನೆನಪಿದೆ?

ಆದರೂ ನಿಮ್ಮ ಸಂಪಾದಕರು ಹೇಳುವುದರಲ್ಲಿ ಸ್ವಲ್ಪ ನಿಜ ಇದೆ. ‘ಸಂತ್ರಸ್ತರಿಗೆ ಇನ್ನೂ ನ್ಯಾಯ ಸಿಕ್ಕಿಲ್ಲ’ ಎಂಬ ಸುದ್ದಿಯನ್ನು ಎಲ್ಲ ಊರಿನಿಂದಲೂ, ಎಲ್ಲ ವರ್ಷವೂ ಬರೆಯಬಹುದು. ಅದನ್ನು ಓದಿ ಯಾವ ಕಚೇರಿಯಲ್ಲೂ ಯಾವ ಕಡತವೂ ಅಲುಗುವುದಿಲ್ಲ. ಕಡತ ಅಲುಗುವುದು ತಾರೀಖು ಹಿಡಿದು ಕೇಳಿದಾಗ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ದುರಂತದ ಮೊದಲ ವಾರದಲ್ಲಿ ಮಂತ್ರಿಗಳು, ಶಾಸಕರು, ಜಿಲ್ಲಾಧಿಕಾರಿ ಏನೇನು ಹೇಳಿದರೋ ಎಲ್ಲ ಬರೆದುಕೊಳ್ಳಿ. ಯಾರು ಹೇಳಿದರು, ಎಲ್ಲಿ ಹೇಳಿದರು, ಎಷ್ಟು ಹಣ, ಯಾವಾಗ. ಆ ವಾರ ಎಲ್ಲರೂ ಧಾರಾಳವಾಗಿ ಮಾತು ಕೊಡುತ್ತಾರೆ. ಕೊಡಗಿನ ಉದಾಹರಣೆ ನೋಡಿ. ಗುಡ್ಡಗಳು ಜಾರಿದ್ದು 2018ರ ಆಗಸ್ಟ್‌ನಲ್ಲಿ. ಜಂಬೂರು, ಮದೆನಾಡಿನಲ್ಲಿ ಹೊಸ ಮನೆಗಳ ಕೀಲಿಕೈ ಕೊಟ್ಟಿದ್ದು 2020ರ ಜೂನ್‌ನಲ್ಲಿ. ನಡುವೆ 2019ರ ಮಳೆಗಾಲ ಬಂತು, ಅದೇ ಜಿಲ್ಲೆಯ ತೋರ ಎಂಬ ಊರಿನಲ್ಲಿ ಮತ್ತೆ ಗುಡ್ಡ ಕುಸಿಯಿತು. ಅಷ್ಟು ದಿನ ಆ ಕುಟುಂಬಗಳು ಎಲ್ಲಿದ್ದವು? ಬಾಡಿಗೆ ಯಾರು ಕಟ್ಟಿದರು? ಮಕ್ಕಳು ಯಾವ ಶಾಲೆಗೆ ಹೋದರು? ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಕೂಲಿಯವರ ಹೆಸರು ಪಟ್ಟಿಯಲ್ಲಿ ಸೇರಿತೇ? ಮನೆ ಅವರದ್ದಲ್ಲ, ಜಾಗ ಅವರದ್ದಲ್ಲ. ಹಾಗಾದರೆ ಹೋಗಿದ್ದು ಯಾರ ಮನೆ? ಇವೆಲ್ಲ ಆ 22 ತಿಂಗಳಲ್ಲಿ ಪ್ರತಿ ತಿಂಗಳೂ ಹೊಸ ಸುದ್ದಿಯೇ.

ಇನ್ನೊಂದು ಮಾತು. ಚೇತರಿಕೆಗೆ ತನ್ನದೇ ಪಂಚಾಂಗ ಇದೆ. ಕಾಳಜಿ ಕೇಂದ್ರ ಮುಚ್ಚುವ ದಿನ. ಶಾಲೆ ಮತ್ತೆ ಶುರುವಾಗುವ ದಿನ. ಪರಿಹಾರದ ಮೊದಲ ಕಂತು ಖಾತೆಗೆ ಬೀಳುವ ದಿನ, ಎರಡನೇ ಕಂತು ಬೀಳದೆ ಹೋದ ದಿನ. ಮುಳುಗಿದ ತೋಟದ ಮೇಲಿನ ಸಾಲಕ್ಕೆ ಬ್ಯಾಂಕ್‌ನಿಂದ ನೋಟಿಸ್ ಬರುವ ದಿನ. ಮುಂದಿನ ವರ್ಷ ಮೊದಲ ಜೋರು ಮಳೆ ಬರುವ ರಾತ್ರಿ. ಐದು ಮನೆ ಆರಿಸಿಕೊಳ್ಳಿ, ಜಾಸ್ತಿ ಬೇಡ. ಅದರಲ್ಲಿ ಒಂದು ಬಾಡಿಗೆಯವರದ್ದಿರಲಿ, ಒಂದು ಒಂಟಿ ಹೆಂಗಸಿನದ್ದಿರಲಿ. ಈ ದಿನಗಳಲ್ಲಿ ಅದೇ ಐದು ಮನೆಗೆ ಹೋಗಿ ಬನ್ನಿ. ನಾನು ಹೀಗೆ ಹೋಗಿ ಬಂದ ಊರುಗಳಲ್ಲಿ ಮೂರನೇ ಸಲಕ್ಕೆ ಜನ ಕಾಗದಪತ್ರದ ಗಂಟು ತಾವೇ ಬಿಚ್ಚಿ ತೋರಿಸಿದ್ದಾರೆ. ಮೊದಲ ಸಲ ಬರೀ ಕಣ್ಣೀರು ಕಂಡಿತ್ತು. ಮೂರನೇ ಸಲ ಮಹಜರಿನ ಪ್ರತಿ, ತಿರಸ್ಕರಿಸಿದ ಅರ್ಜಿ, ತಪ್ಪಾಗಿ ಬರೆದ ಸರ್ವೆ ನಂಬರ್ ಎಲ್ಲ ಕಂಡವು.

ಅಂಥ ಒಂದು ಕಾಗದ ಹಿಡಿದು ನಾಲ್ಕು ಪ್ಯಾರಾ ಬರೆಯಿರಿ. ಪೇಜು ತುಂಬಬೇಕಾಗಿಲ್ಲ. ಸಂಪಾದಕರು ಅದನ್ನು ಹಳೇದು ಅನ್ನುವುದು ಕಷ್ಟ.

ಪ್ರಶ್ನೆ: ನಮ್ಮ ಬಾಗಲಕೋಟೆ ಕಡೆ 2009ರ ನೆರೆ ಆದ ಮೇಲೆ ಸರ್ಕಾರ ‘ಆಸರೆ’ ಮನೆ ಕಟ್ಟಿಸಿತು. ಎಷ್ಟೋ ಮನೆ ಖಾಲಿ ಬಿದ್ದಿವೆ, ಜಾಲಿ ಬೆಳೆದಿದೆ. ಪುಕ್ಕಟೆ ಮನೆ ಕೊಟ್ಟರೂ ಹೋಗದಿದ್ದರೆ ಅದು ಜನರದ್ದೇ ತಪ್ಪಲ್ವಾ?

ಉತ್ತರ: ಈ ಪ್ರಶ್ನೆ ನನಗೆ ತುಂಬ ಸಲ ಬಂದಿದೆ. ಖಾಲಿ ಮನೆ ಕಂಡ ಯಾರಿಗಾದರೂ ಹಾಗೆ ಅನಿಸುತ್ತದೆ. ಆದರೆ ಹೋಗದೆ ಉಳಿದವರ ಹತ್ತಿರ ಕೂತು ಕೇಳಿದರೆ ಕಾರಣಗಳು ಒಂದೊಂದಾಗಿ ಹೊರಗೆ ಬರುತ್ತವೆ. ಹೊಲ ಇರುವುದು ಹಳೇ ಊರಿನ ಪಕ್ಕ. ಎತ್ತು, ಎಮ್ಮೆ ಕಟ್ಟುವುದಕ್ಕೆ ಹೊಸ ಮನೆಯಲ್ಲಿ ಜಾಗ ಇಲ್ಲ. ಜೋಳದ ಚೀಲ ಇಡುವುದೆಲ್ಲಿ, ಮೇವಿನ ಬಣವೆ ಒಟ್ಟುವುದೆಲ್ಲಿ? ಇಬ್ಬರು ಮಕ್ಕಳಿಗೆ ಮದುವೆಯಾದ ಮನೆಯವರು ಒಂದೇ ಕೋಣೆಯಲ್ಲಿ ಹೇಗೆ ಇರಬೇಕು? ಕುಡಿಯುವ ನೀರು ಬರುತ್ತದೆಯೇ, ಬಸ್ಸು ಬರುತ್ತದೆಯೇ, ಹಕ್ಕುಪತ್ರ ಕೈಗೆ ಬಂದಿದೆಯೇ? ಮನೆ ಎಂದರೆ ಗೋಡೆ, ಚಾವಣಿ ಇಷ್ಟೇ ಎಂದು ಕಟ್ಟುವವರು ಲೆಕ್ಕ ಹಾಕಿದರು. ರೈತನ ಮನೆಯಲ್ಲಿ ದನವೂ ಇರುತ್ತದೆ, ವರ್ಷದ ಕಾಳೂ ಇರುತ್ತದೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಪಕ್ಕದ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಆಮೇಲೆ ಹತ್ತಾರು ಹಳ್ಳಿಗಳನ್ನು ಬೇರೆ ಕಡೆ ಹೊಸದಾಗಿ ಕಟ್ಟಿದರು. ನಗರದ ಬಡಾವಣೆ ಥರ ಅಗಲ ರಸ್ತೆ, ಸಾಲು ಮನೆ. ಓಣಿ, ಕಟ್ಟೆ, ನೆರೆಮನೆ ಎಲ್ಲ ದೂರವಾದವು. ಗುಜರಾತಿನ ಕಛ್‌ನಲ್ಲಿ 2001ರ ಭೂಕಂಪದ ನಂತರ ಬೇರೆ ದಾರಿ ಹಿಡಿದರು. ಸರ್ಕಾರ ಕಂತಿನಲ್ಲಿ ಹಣ ಕೊಟ್ಟಿತು, ಕಟ್ಟಡ ಗಟ್ಟಿ ಇದೆಯೇ ಎಂದು ಎಂಜಿನಿಯರ್‌ಗಳು ನೋಡಿದರು. ಹೆಚ್ಚಿನ ಮನೆಗಳನ್ನು ಮನೆಯವರೇ ಕಟ್ಟಿಸಿಕೊಂಡರು. ನಮ್ಮಲ್ಲೂ 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಕಂತಿನಲ್ಲಿ 5 ಲಕ್ಷ ರೂಪಾಯಿ ಕೊಡುವ ಕ್ರಮ ಬಂತು. ಮನೆ ಯಾರ ಕೈಯಲ್ಲಿ ಕಟ್ಟಿಸಬೇಕು ಎಂಬ ತೀರ್ಮಾನ ಮನೆಯವರದ್ದೇ ಆಗಿದ್ದರೆ ಆ ಮನೆ ಖಾಲಿ ಬೀಳುವುದು ಕಡಿಮೆ ಎಂದು ನಾನು ನಂಬುತ್ತೇನೆ.

ನೀವು ಆ ಜಾಲಿ ಬೆಳೆದ ಮನೆಗಳ ಫೋಟೊ ತೆಗೆಯುವ ಮೊದಲು, ಅದರ ಫಲಾನುಭವಿಯ ಹಳೇ ಮನೆಗೆ ಒಮ್ಮೆ ನಡೆದುಕೊಂಡು ಹೋಗಿ ನೋಡಿ. ಎಷ್ಟು ದೂರ ಎಂದು ಕಾಲಿಗೇ ಗೊತ್ತಾಗುತ್ತದೆ.

ಪ್ರಶ್ನೆ: ‘ಕೋಟಿಗಟ್ಟಲೆ ಪರಿಹಾರ ಬಿಡುಗಡೆ’ ಎಂದು ಓದುತ್ತೇವೆ. ಒಬ್ಬ ರೈತನಿಗೆ ನಿಜಕ್ಕೂ ಎಷ್ಟು ಸಿಗುತ್ತದೆ?

ಉತ್ತರ: ಕೋಟಿ ಬಿಡಿ, ಹೆಕ್ಟೇರಿಗೆ ಎಷ್ಟು ಎಂದು ಕೇಳಿ. ಕೇಂದ್ರ ಸರ್ಕಾರ 2022–26ರ ಅವಧಿಗೆ ನಿಗದಿ ಮಾಡಿದ ದರದಲ್ಲಿ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿ ಬೆಳೆಗೆ 17,000. ಅಡಿಕೆ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿದರೆ ಸ್ವಲ್ಪ ಜಾಸ್ತಿ ಆಗುತ್ತದೆ. ಗುಡ್ಡ ಕುಸಿದು ಜಮೀನೇ ಹೋದರೆ ಸಣ್ಣ ರೈತರಿಗೆ ಹೆಕ್ಟೇರಿಗೆ 47,000. ಅಡಿಕೆ ಸಸಿ ನೆಟ್ಟು ಫಲ ಬರಲು ಐದಾರು ವರ್ಷ ಬೇಕು. ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಓದುವವರಿಗೆ ವಿಷಯ ತಲುಪುತ್ತದೆ.

ಕಡತ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ.

ಪ್ರಶ್ನೆ: ಗುಡ್ಡ ಕುಸಿದಾಗಲೆಲ್ಲ ಅಧಿಕಾರಿಗಳು ‘ಪ್ರಕೃತಿ ವಿಕೋಪ’ ಅನ್ನುತ್ತಾರೆ, ಪರಿಸರದವರು ‘ಮಾನವ ನಿರ್ಮಿತ’ ಅನ್ನುತ್ತಾರೆ. ವರದಿಗಾರರು ಯಾರನ್ನು ನಂಬಬೇಕು?

ಉತ್ತರ: ಇಬ್ಬರ ಹತ್ತಿರವೂ ಕಾಗದ ಕೇಳಿ. ಮಳೆಯ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅವರ ಮಳೆಮಾಪಕಗಳಿವೆ. ಎಷ್ಟು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಎಂದು ನೋಡಿ. ಅಷ್ಟೇ ಮಳೆಗೆ ಪಕ್ಕದ ಗುಡ್ಡ ಯಾಕೆ ನಿಂತಿತು ಎಂಬುದು ಮುಂದಿನ ಪ್ರಶ್ನೆ. ಬುಡ ಕತ್ತರಿಸಿದ್ದಾರೆಯೇ? ನೀರು ಹರಿದು ಹೋಗುವ ದಾರಿ ಮುಚ್ಚಿದ್ದಾರೆಯೇ? ತೆಗೆದ ಮಣ್ಣನ್ನು ಎಲ್ಲಿ ಸುರಿದಿದ್ದಾರೆ? ಮಳೆ ಗುಡ್ಡವನ್ನು ತಳ್ಳುತ್ತದೆ, ನಿಜ. ಬೀಳುವ ಹಾಗೆ ಅದನ್ನು ಮೊದಲೇ ಯಾರಾದರೂ ಸಡಿಲ ಮಾಡಿದ್ದಾರೆಯೇ ಎಂದು ಹುಡುಕುವುದು ನಮ್ಮ ಕೆಲಸ.

ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವಾಗ ಷರತ್ತು ಹಾಕಿರುತ್ತಾರೆ. ಆ ಷರತ್ತು ಪಾಲಿಸಿದ್ದೇವೆ ಎಂದು ಕಂಪನಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಜಾಸ್ತಿ ಜನ ಇದನ್ನು ತೆರೆದೇ ನೋಡುವುದಿಲ್ಲ. ಕೆಲವೊಮ್ಮೆ ಅನುಮತಿಯೇ ಇರುವುದಿಲ್ಲ, ಅದೇ ದೊಡ್ಡ ಸುದ್ದಿ. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಸುಮಾರು 900 ಕಿಲೋಮೀಟರ್. ಅದನ್ನು 53 ತುಂಡು ಕಾಮಗಾರಿಯಾಗಿ ಮಾಡಿದರು. ಒಂದೊಂದು ತುಂಡೂ ಪರಿಸರ ಅನುಮತಿ ಬೇಕಾಗುವಷ್ಟು ಉದ್ದ ಇರಲಿಲ್ಲ. ಹಾಗಾಗಿ ಇಡೀ ರಸ್ತೆಗೆ ಒಟ್ಟಾಗಿ ಪರಿಸರ ಪರಿಣಾಮದ ಅಧ್ಯಯನ ಆಗಲೇ ಇಲ್ಲ. ಒಂದೊಂದು ತುಂಡನ್ನೇ ನೋಡಿದವರಿಗೆ ಇದು ಗೊತ್ತಾಗುತ್ತಿರಲಿಲ್ಲ. ಉದ್ದವನ್ನು ಕೂಡಿಸಿ ನೋಡಿದವರಿಗೆ ಗೊತ್ತಾಯಿತು.

ಪ್ರಶ್ನೆ: ಯಾವಾಗಲೂ ಸೋಲಿನ ಸುದ್ದಿಯೇ ಬರೆಯಬೇಕೇ?

ಉತ್ತರ: ಖಂಡಿತ ಬೇಡ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಮೊದಲೇ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ದರು. ಸಾವು ಕೆಲವೇ ಹತ್ತುಗಳಲ್ಲಿ ನಿಂತಿತು. ಆ 14 ವರ್ಷದಲ್ಲಿ ಕಟ್ಟಿದ ಆಶ್ರಯ ಕಟ್ಟಡ, ತರಬೇತಿ ಕೊಟ್ಟ ಹಳ್ಳಿಯ ಹುಡುಗರು, ಮನೆಮನೆಗೆ ಹೋದ ಎಚ್ಚರಿಕೆ, ಇದೆಲ್ಲ ದೊಡ್ಡ ಕಥೆ. ಸತ್ತವರ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಅದು ಒಳಪುಟಕ್ಕೆ ಹೋಗಬಾರದು.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಮನೆಯವರನ್ನು ಕಳೆದುಕೊಂಡವರ ಹತ್ತಿರ ಮಾತಾಡಲು ನನಗೆ ಭಯ.

ಉತ್ತರ: ಆ ಭಯ ಇರಲಿ, ಅದು ಒಳ್ಳೆಯದೇ. ನಾನು ಹೊಸಬಳಿದ್ದಾಗ ಕಾಳಜಿ ಕೇಂದ್ರದಲ್ಲಿ ಅಳುತ್ತಿದ್ದ ಒಬ್ಬ ಅಮ್ಮನ ಫೋಟೊ ಕೇಳದೇ ತೆಗೆದೆ. ಅದು ಅಚ್ಚಾಯಿತು. ಮುಂದಿನ ತಿಂಗಳು ಹೋದಾಗ ಅವರು ಮುಖ ತಿರುಗಿಸಿ ಕೂತರು. ನಾನು ಕ್ಷಮೆ ಕೇಳಿದೆ. ಅವರು ಮಾತಾಡಲಿಲ್ಲ. ಈಗ ನಾನು ಮೊದಲು ಪುಸ್ತಕ, ಫೋನು ಎರಡನ್ನೂ ಚೀಲದೊಳಗೆ ಇಡುತ್ತೇನೆ. ನನ್ನ ಹೆಸರು ಹೇಳುತ್ತೇನೆ, ಯಾಕೆ ಬಂದೆ ಎಂದು ಹೇಳುತ್ತೇನೆ. ಬೇಡ ಅಂದರೆ ಎದ್ದು ಬರುತ್ತೇನೆ. ‘ಹೇಗೆ ಅನಿಸುತ್ತಿದೆ’ ಎಂದು ಯಾವತ್ತೂ ಕೇಳಬೇಡಿ. ‘ಊಟ ಆಯ್ತಾ ಅಮ್ಮ? ರಾತ್ರಿ ಎಲ್ಲಿ ಮಲಗ್ತೀರಿ?’ ಎಂದು ಕೇಳಿ. ಎಲ್ಲಿ ಮಲಗುತ್ತಾರೆ ಎಂದು ಹೇಳುತ್ತ ಹೇಳುತ್ತ ಅವರು ತಾವಾಗಿಯೇ ಉಳಿದದ್ದನ್ನೂ ಹೇಳುತ್ತಾರೆ. ಹೇಳದಿದ್ದರೆ ಇನ್ನೊಂದು ದಿನ ಹೋಗಿ.