ಇಟಲಿಯ ಸಿಸಿಲಿ ದ್ವೀಪದ ಸಂಸ್ಕೃತಿಯಲ್ಲಿ ಯಾವ ಆಳ್ವಿಕೆ ಏನನ್ನು ಬಿಟ್ಟುಹೋಯಿತು?

ಒಂದೇ ಕಟ್ಟಡದಲ್ಲಿ ನೋಡಬೇಕೆಂದರೆ ಅಲ್ಲಿನ ಸಿರಾಕ್ಯೂಸ್ ನಗರದ ಕ್ಯಾಥೆಡ್ರಲ್ ಸಾಕು. ಕ್ರಿ.ಪೂ. 5ನೇ ಶತಮಾನದಲ್ಲಿ ಗ್ರೀಕರು ಕಟ್ಟಿದ ಅಥೀನಾ ದೇಗುಲದ ಡೋರಿಕ್ (ಸರಳ ಗ್ರೀಕ್ ಶೈಲಿಯ) ಕಂಬಗಳ ನಡುವೆ ಗೋಡೆ ಎಬ್ಬಿಸಿ ಅದನ್ನು ಚರ್ಚ್ ಮಾಡಿದರು. ಎದುರಿನ, ಅಲಂಕಾರ ತುಂಬಿದ ಬರೋಕ್ ಶೈಲಿಯ ಮುಖ 1693ರ ಭೂಕಂಪದ ನಂತರದ್ದು.

ಕ್ರಿ.ಪೂ. 241ರಲ್ಲಿ ದ್ವೀಪದ ಬಹುಭಾಗವನ್ನು ಗೆದ್ದ ರೋಮನ್ನರಿಗೆ ಇದು ಮುಖ್ಯವಾಗಿ ಗೋಧಿಯ ಕಣಜ. ದಿನಬಳಕೆಯನ್ನು ನಿಜಕ್ಕೂ ಬದಲಿಸಿದವರು 827ರಲ್ಲಿ ಪಶ್ಚಿಮ ತೀರದ ಮಜಾರಾದಲ್ಲಿ ಇಳಿದ ಅರಬರು. ಬೇಸಿಗೆಯಲ್ಲಿ ಮಳೆ ತೀರಾ ಅಪರೂಪವಾದ ನೆಲದಲ್ಲಿ ತೊಟ್ಟಿ, ಕಾಲುವೆ ಕಟ್ಟಿ ನಿಂಬೆ, ಕಬ್ಬು ಬೆಳೆದರು. ಪಶ್ಚಿಮದ ಟ್ರಾಪಾನಿಯಲ್ಲಿ ಇಂದಿಗೂ ಮೀನುಸಾರಿನ ಜೊತೆ ಉತ್ತರ ಆಫ್ರಿಕಾದ ರವೆ ತಿನಿಸಾದ ಕುಸ್ಕುಸ್ ತಿನ್ನುತ್ತಾರೆ. ಆದರೆ ಕಿತ್ತಳೆಯನ್ನೆಲ್ಲ ಅರಬರ ಖಾತೆಗೆ ಹಾಕುವುದು ತಪ್ಪು: ಅವರು ತಂದದ್ದು ಕಹಿ ಕಿತ್ತಳೆ, ಸಿಹಿಯದ್ದು ಬಂದದ್ದು ಶತಮಾನಗಳ ನಂತರ.

ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು 1072ರಲ್ಲಿ ರಾಜಧಾನಿ ಪಲೆರ್ಮೊ ಗೆದ್ದರೂ ಅರಬರ ಕಾಲದ ಗುಮಾಸ್ತರನ್ನು, ಕುಶಲಕರ್ಮಿಗಳನ್ನು ಓಡಿಸಲಿಲ್ಲ. ಅದು ಔದಾರ್ಯಕ್ಕಿಂತ ಲೆಕ್ಕಾಚಾರ. ಕಂದಾಯದ ಕಡತಗಳನ್ನು ಓದಬಲ್ಲವರು ಅವರೇ. ನಾರ್ಮನ್ ದೊರೆ ಎರಡನೇ ರೋಜರ್‌ನ ಅರಮನೆ ಪ್ರಾರ್ಥನಾಮಂದಿರದಲ್ಲಿ ಗೋಡೆಗೆ ಬೈಜಾಂಟಿನ್ (ಪೂರ್ವ ರೋಮನ್) ಶೈಲಿಯ ಮೊಸಾಯಿಕ್, ಮೇಲೆ ಅರಬ್ ಶೈಲಿಯ ಮರದ ಚಾವಣಿ. ಆದರೂ 1240ರ ದಶಕದೊಳಗೆ ಉಳಿದ ಮುಸ್ಲಿಮರನ್ನು ಮುಂದಿನ ದೊರೆ, ರೋಜರ್‌ನ ಮೊಮ್ಮಗ ಎರಡನೇ ಫ್ರೆಡ್ರಿಕ್ ಇಟಲಿ ಮುಖ್ಯಭೂಮಿಯ ಲುಚೇರಾಕ್ಕೆ ಸಾಗಿಸಿದ. ಟೊಮೆಟೊ, ಮೋದಿಕಾ ಊರಿನ ಚಾಕೊಲೇಟ್ ನಂತರದ ಸ್ಪೇನ್ ಆಳ್ವಿಕೆಯ ಕಾಲದವು.